ಬುನಾದಿಯಿಂದ ಬಿಡಿಸಿದ ಕಟ್ಟಡ

ಭೂಕಂಪದ ವೇಳೆ ಕಟ್ಟಡವನ್ನು ಕೆಡಹುವ ಬಲದ ಬಹುಪಾಲು ಕಟ್ಟಡದೊಳಗೇ ಹುಟ್ಟುತ್ತದೆ. ನೆಲವು ಅತ್ತಿತ್ತ ಸರಿದಾಗ ಅದರಲ್ಲಿ ಹುಗಿದ ಬುನಾದಿಯೂ ಜೊತೆಗೆ ಸರಿಯುತ್ತದೆ. ಮೇಲಿನ ಅಂತಸ್ತುಗಳ ದ್ರವ್ಯರಾಶಿಯಾದರೋ ಜಡತ್ವದ ಕಾರಣದಿಂದ ಇದ್ದಲ್ಲಿಯೇ ಉಳಿಯಲು ಹವಣಿಸುತ್ತದೆ. ಈ ಎಳೆದಾಟವನ್ನು ನಡುವಿನ ಕಂಬಗಳೂ ಗೋಡೆಗಳೂ ತಾಳಿಕೊಳ್ಳಬೇಕಾಗುತ್ತದೆ. ಗಾಳಿಯ ಬಲವು ಕಟ್ಟಡದ ಮೈಯ ವಿಸ್ತಾರಕ್ಕೆ ತಕ್ಕಂತೆ ಹೆಚ್ಚುತ್ತದೆ, ಭೂಕಂಪದ ಬಲವು ಕಟ್ಟಡದ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಆದ್ದರಿಂದ ಗೋಡೆಯನ್ನು ದಪ್ಪವಾಗಿಸಿ, ಚಾವಣಿಯನ್ನು ಭಾರವಾಗಿಸಿ ಕಟ್ಟಡವನ್ನು ಗಟ್ಟಿಗೊಳಿಸಲು ಹೊರಟವರು ಅದು ಎದುರಿಸಬೇಕಾದ ಬಲವನ್ನೂ ತಾವೇ ಹೆಚ್ಚಿಸಿಕೊಂಡಂತಾಗುತ್ತದೆ.

ಇದರ ಜೊತೆಗೆ ಲಯದ ಪ್ರಶ್ನೆಯೂ ಇದೆ. ಒಂದು ಸಲ ಅಲುಗಿಸಿ ಬಿಟ್ಟ ಕಟ್ಟಡವು ತನ್ನದೇ ಆದ ಗತಿಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಒಂದು ಪೂರ್ಣ ತೂಗಾಟಕ್ಕೆ ಹಿಡಿಯುವ ಸಮಯವನ್ನು ಅದರ ಸ್ವಾಭಾವಿಕ ಆವರ್ತಕಾಲ ಎನ್ನುತ್ತಾರೆ. ಸ್ಥೂಲ ಲೆಕ್ಕದಲ್ಲಿ ಅಂತಸ್ತೊಂದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗದಂತೆ ಹಿಡಿದರೆ, ಐದು ಅಂತಸ್ತಿನ ಕಟ್ಟಡದ ಆವರ್ತಕಾಲ ಸುಮಾರು ಅರ್ಧ ಸೆಕೆಂಡು. ಗಟ್ಟಿ ನೆಲದಲ್ಲಿ ಹಾಯ್ದು ಬರುವ ಭೂಕಂಪದ ಅಲೆಗಳಲ್ಲಿ ಹೆಚ್ಚು ತೀವ್ರವಾದ ಕಂಪನಗಳು ಇರುವುದು ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಒಂದು ಸೆಕೆಂಡಿನವರೆಗಿನ ಆವರ್ತಕಾಲಗಳಲ್ಲಿಯೇ. ನೆಲದ ಲಯವೂ ಕಟ್ಟಡದ ಲಯವೂ ಹೊಂದಿಕೊಂಡಾಗ ಪ್ರತಿಯೊಂದು ಅಲುಗಾಟವೂ ಹಿಂದಿನದಕ್ಕೆ ಕೂಡಿಕೊಂಡು ಚಲನೆ ಹಿಗ್ಗುತ್ತ ಹೋಗುವುದಕ್ಕೆ ಅನುರಣನ ಎಂದು ಹೆಸರು. ಜಗತ್ತಿನ ಬಹುಪಾಲು ಶಾಲೆಗಳು, ಆಸ್ಪತ್ರೆಗಳು, ಕಚೇರಿಗಳು ಎರಡರಿಂದ ಹತ್ತು ಅಂತಸ್ತಿನವು ಎಂಬುದನ್ನು ನೆನೆದರೆ, ಭೂಕಂಪಕ್ಕೆ ಅತಿ ಸುಲಭವಾಗಿ ಸಿಗುವ ಎತ್ತರಗಳಲ್ಲಿಯೇ ಮನುಷ್ಯನು ಹೆಚ್ಚಾಗಿ ಕಟ್ಟುತ್ತ ಬಂದಿದ್ದಾನೆ ಎನ್ನಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಎಂಜಿನಿಯರಿಂಗ್ ಇದಕ್ಕೆ ಕಂಡುಕೊಂಡ ಮುಖ್ಯ ಪರಿಹಾರವೆಂದರೆ ಮಣಿಯುವ ಗುಣ. ಕಾಂಕ್ರೀಟಿನೊಳಗೆ ಉಕ್ಕಿನ ಸರಳುಗಳನ್ನೂ ಅವುಗಳನ್ನು ಸುತ್ತುವರಿದ ಬಳೆಗಳನ್ನೂ ಲೆಕ್ಕಾಚಾರದಿಂದ ಜೋಡಿಸಿದರೆ, ತೊಲೆಗಳು ಬಾಗಿ ಬಿರುಕು ಬಿಟ್ಟರೂ ಒಮ್ಮೆಲೇ ಮುರಿಯುವುದಿಲ್ಲ, ಕಟ್ಟಡ ಕುಸಿಯುವುದಿಲ್ಲ, ಒಳಗಿದ್ದವರು ಜೀವ ಉಳಿಸಿಕೊಂಡು ಹೊರಬರುತ್ತಾರೆ. ಭಾರತವೂ ಸೇರಿದಂತೆ ಹೆಚ್ಚಿನ ದೇಶಗಳ ಕಟ್ಟಡ ಸಂಹಿತೆಗಳು ನಿಂತಿರುವುದು ಈ ತತ್ತ್ವದ ಮೇಲೆ. ಪ್ರಾಣರಕ್ಷಣೆಯ ದೃಷ್ಟಿಯಿಂದ ಇದು ದೊಡ್ಡ ಸಾಧನೆಯೇ; ಆದರೆ ಇದರೊಳಗೆ ಅಡಗಿರುವ ಒಪ್ಪಂದವನ್ನು ಕಟ್ಟಡದ ಮಾಲೀಕರು ತಿಳಿದಿರುವುದು ಕಡಿಮೆ. ಭೂಕಂಪದ ಶಕ್ತಿಯನ್ನು ಹೀರಿಕೊಳ್ಳುವುದು ಕಟ್ಟಡದ ಸ್ವಂತ ಅಂಗಾಂಗಗಳು ಹಾನಿಗೊಳ್ಳುವ ಮೂಲಕ, ಆದ್ದರಿಂದ ಸಂಹಿತೆಯ ಪ್ರಕಾರ ಸರಿಯಾಗಿ ಕಟ್ಟಿದ ಕಟ್ಟಡವೂ ದೊಡ್ಡ ಕಂಪನದ ಮರುದಿನ ಬಳಕೆಗೆ ಬಾರದೆ ಹೋಗಬಹುದು.

ಕಟ್ಟಡವನ್ನು ಮಣಿಯಗೊಡದೆ ಅತಿ ಬಿಗಿಯಾಗಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲೀಸ್ ಬಳಿಯ ಆಲಿವ್ ವ್ಯೂ ಆಸ್ಪತ್ರೆಯ ಚರಿತ್ರೆ ಉತ್ತರ ಹೇಳುತ್ತದೆ. ಹೊಸದಾಗಿ ತೆರೆದಿದ್ದ ಈ ಆಸ್ಪತ್ರೆ 1971ರ ಸ್ಯಾನ್ ಫರ್ನಾಂಡೊ ಭೂಕಂಪದಲ್ಲಿ ಎಷ್ಟು ಜರ್ಜರಿತವಾಯಿತೆಂದರೆ ಅದನ್ನು ಕೆಡವಬೇಕಾಯಿತು. ಅದರ ಸ್ಥಾನದಲ್ಲಿ ಎದ್ದ ಆರು ಅಂತಸ್ತಿನ ಹೊಸ ಕಟ್ಟಡಕ್ಕೆ ಕಾಂಕ್ರೀಟ್ ಮತ್ತು ಉಕ್ಕಿನ ಗೋಡೆಗಳನ್ನು ಕೊಟ್ಟು ಅಸಾಧಾರಣವಾಗಿ ಬಲಪಡಿಸಲಾಯಿತು. 1994ರ ಜನವರಿ 17ರಂದು ನಾರ್ತ್‌ರಿಜ್ ಭೂಕಂಪ ಬಡಿದಾಗ ಆ ಅಸ್ಥಿಪಂಜರಕ್ಕೆ ಗಣನೀಯ ಹಾನಿಯಾಗಲಿಲ್ಲ. ಆದರೆ ನೆಲದ ಮಟ್ಟದಲ್ಲಿ ಗುರುತ್ವ ವೇಗೋತ್ಕರ್ಷದ ಸುಮಾರು 0.9 ಪಾಲಿನಷ್ಟಿದ್ದ ಕಂಪನವು ಚಾವಣಿಯನ್ನು ಮುಟ್ಟುವ ಹೊತ್ತಿಗೆ 2.3ರಷ್ಟಾಗಿ ಬೆಳೆದಿತ್ತು. ಬೆಂಕಿ ನಂದಿಸುವ ನೀರಿನ ಕೊಳವೆಗಳು ಒಡೆದವು, ಅಂತಸ್ತುಗಳಲ್ಲಿ ನೀರು ಹರಿಯಿತು, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಗಾಯಾಳುಗಳು ಬರಬೇಕಾದ ದಿನ ಆಸ್ಪತ್ರೆಯೇ ಖಾಲಿಯಾಯಿತು.

ಅದೇ ಭೂಕಂಪದಲ್ಲಿ, ಲಾಸ್ ಏಂಜಲೀಸ್ ನಗರದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಾಖಲಾದ ಅಂಕಿಗಳು ಇಳಿಮುಖವಾಗಿದ್ದವು. ಹೊರಗಿನ ಬಯಲು ನೆಲದಲ್ಲಿ 0.49, ಬುನಾದಿಯಲ್ಲಿ 0.37, ಚಾವಣಿಯಲ್ಲಿ 0.21. ಈ ಎರಡನೆಯ ಆಸ್ಪತ್ರೆ ಭೂಕಂಪದ ಕೇಂದ್ರದಿಂದ ಹೆಚ್ಚು ದೂರದಲ್ಲಿತ್ತು, ಅಲ್ಲಿಯ ನೆಲ ಅಷ್ಟು ತೀವ್ರವಾಗಿ ಅಲುಗಲಿಲ್ಲ. ಹಾಗಾಗಿ ಎರಡು ಕಟ್ಟಡಗಳನ್ನು ನೇರವಾಗಿ ತೂಗಿ ನೋಡುವುದು ನ್ಯಾಯವಲ್ಲ. ಗಮನಿಸಬೇಕಾದದ್ದು ದಿಕ್ಕನ್ನು: ಒಂದರಲ್ಲಿ ಕಂಪನವು ಮೇಲೇರಿದಂತೆ ಹಿಗ್ಗಿತು, ಇನ್ನೊಂದರಲ್ಲಿ ಕುಗ್ಗಿತು. ಎರಡನೆಯದರ ಕಂಬಗಳು ಬುನಾದಿಗೆ ನೇರವಾಗಿ ಬೆಸೆದುಕೊಂಡಿರದೆ 149 ರಬ್ಬರ್ ಬೇರಿಂಗ್‌ಗಳ ಮೇಲೆ ಕುಳಿತಿದ್ದವು. ಇಂಥ ಬೇರಿಂಗ್‌ಗಳಿಗೆ ಭೂಕಂಪ ಐಸೊಲೇಟರ್ ಎಂದೂ, ಕಟ್ಟಡವನ್ನು ನೆಲದ ಅಡ್ಡ ಚಲನೆಯಿಂದ ಹೀಗೆ ಬೇರ್ಪಡಿಸುವ ವಿಧಾನಕ್ಕೆ ತಳ ಪ್ರತ್ಯೇಕನ ಎಂದೂ ಹೆಸರು.

ಕಲ್ಪನೆ ಹೊಸದಲ್ಲ. 1880ರ ದಶಕದಲ್ಲಿ ಟೋಕಿಯೊದಲ್ಲಿ ಪ್ರಾಧ್ಯಾಪಕನಾಗಿದ್ದ ಜಾನ್ ಮಿಲ್ನ್, ಆಧುನಿಕ ಭೂಕಂಪ ವಿಜ್ಞಾನದ ಮೊದಲಿಗರಲ್ಲೊಬ್ಬ, ಒಂದು ಚಿಕ್ಕ ಮನೆಯನ್ನು ಲೋಹದ ಗುಂಡುಗಳ ಮೇಲೆ ನಿಲ್ಲಿಸಿ ನೋಡಿದ. ಭೂಕಂಪದಲ್ಲಿ ಪ್ರಯೋಗ ಫಲ ಕೊಟ್ಟರೂ ಗಾಳಿ ಬೀಸಿದಾಗಲೆಲ್ಲ ಮನೆ ಸರಿದಾಡತೊಡಗಿತು. ಗುಂಡುಗಳನ್ನು ಕಿರಿದಾಗಿಸುತ್ತ ಹೋಗಿ, ಕೊನೆಗೆ ಕಾಲಂಗುಲದಷ್ಟು ಸಣ್ಣ ಎರಕದ ಕಬ್ಬಿಣದ ಗುಂಡುಗಳಿಗೆ ಬಂದು ನಿಂತಾಗ ಉರುಳುವಿಕೆಗೆ ಸಾಕಷ್ಟು ಘರ್ಷಣೆ ದೊರೆತು ಗಾಳಿಯ ಕಾಟ ತಪ್ಪಿತು. 1909ರಲ್ಲಿ ಇಂಗ್ಲೆಂಡಿನ ಸ್ಕಾರ್ಬರೊ ಪಟ್ಟಣದ ವೈದ್ಯ ಜೆ. ಎ. ಕ್ಯಾಲಂಟೇರಿಯಂಟ್ಸ್ ಇನ್ನೊಂದು ಉಪಾಯಕ್ಕೆ ಪೇಟೆಂಟ್ ಕೇಳಿದ: ಕಟ್ಟಡ ಮತ್ತು ಬುನಾದಿಯ ನಡುವೆ ನಯವಾದ ಮರಳು, ಅಭ್ರಕ ಅಥವಾ ಟಾಲ್ಕಿನ ಪದರವನ್ನು ಹಾಸಿದರೆ ಕಟ್ಟಡ ಅದರ ಮೇಲೆ ಜಾರುತ್ತದೆ ಎಂಬುದು ಅವನ ವಾದ. ಜಾರುವ ಕಟ್ಟಡದ ಅನಿಲ ಮತ್ತು ಚರಂಡಿ ಕೊಳವೆಗಳು ಹರಿದುಹೋಗದಂತೆ ವಿಶೇಷ ಜೋಡಣೆಗಳನ್ನೂ ಅವನು ರೂಪಿಸಿದ್ದ ಎಂಬುದು ಅವನ ಮುಂದಾಲೋಚನೆಗೆ ಸಾಕ್ಷಿ. ವೃತ್ತಿಯ ಎಂಜಿನಿಯರುಗಳಿಗೂ ಎಷ್ಟೋ ಸಲ ಹೊಳೆಯದ ವಿಷಯವದು.

ಈ ಎರಡೂ ಪ್ರಯತ್ನಗಳು ಮುಂದಿನ ನೂರು ವರ್ಷಗಳ ಸಮಸ್ಯೆಯನ್ನು ಆಗಲೇ ಗುರುತಿಸಿದ್ದವು. ಐಸೊಲೇಟರ್ ಆದದ್ದು ಸಾವಿರಾರು ಟನ್ ತೂಕವನ್ನು ಕುಗ್ಗದೆ ಹೊರಬೇಕು. ಅಡ್ಡ ದಿಕ್ಕಿನಲ್ಲಿ ಮಾತ್ರ ಮೆತ್ತಗಿರಬೇಕು. ಆ ಮೆತ್ತನೆಯ ಗುಣವೂ ದೊಡ್ಡ ಭೂಕಂಪದಲ್ಲಷ್ಟೇ ತೋರಬೇಕು, ದಿನನಿತ್ಯದ ಗಾಳಿಗೆ ಅದು ಬಿಗಿಯಾಗಿಯೇ ನಿಲ್ಲಬೇಕು. ಕಂಪನ ನಿಂತ ಬಳಿಕ ಕಟ್ಟಡವನ್ನು ಮೊದಲಿನ ಜಾಗಕ್ಕೆ ಮರಳಿ ತರಬೇಕು. ಇವುಗಳಲ್ಲಿ ಯಾವುದಾದರೊಂದನ್ನು ಪೂರೈಸುವುದು ಸುಲಭ, ಎಲ್ಲವನ್ನೂ ಒಂದೇ ವಸ್ತುವಿನಿಂದ ಪಡೆಯುವುದು ಕಷ್ಟ.

ಮೊದಲ ಎರಡರಲ್ಲೇ ಎಡವಿದ ಉದಾಹರಣೆ ಸ್ಕೋಪಿಯೆ ನಗರದಲ್ಲಿದೆ. ಇಂದಿನ ಉತ್ತರ ಮ್ಯಾಸಿಡೋನಿಯಾದ ರಾಜಧಾನಿಯಾದ ಈ ನಗರ 1963ರ ಜುಲೈ 26ರ ಭೂಕಂಪದಲ್ಲಿ ನೆಲಸಮವಾಗಿ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ, ಸ್ವಿಟ್ಜರ್‌ಲೆಂಡಿನ ನೆರವಿನಿಂದ ಪೆಸ್ಟಲೋಟ್ಸಿ ಹೆಸರಿನ ಶಾಲೆಯೊಂದು 1969ರಲ್ಲಿ ಅಲ್ಲಿ ಸಿದ್ಧವಾಯಿತು. ಆ ಮೂರಂತಸ್ತಿನ ಕಟ್ಟಡವನ್ನು ದಪ್ಪನೆಯ ಗಟ್ಟಿ ರಬ್ಬರ್ ದಿಂಡುಗಳ ಮೇಲೆ ಕೂರಿಸಲಾಗಿತ್ತು. ಉದ್ದೇಶ ಸರಿಯಾಗಿತ್ತು, ಆದರೆ ಕಟ್ಟಡದ ಭಾರಕ್ಕೆ ರಬ್ಬರು ಅಂಗೈಯಿಂದ ಅದುಮಿದ ಮುದ್ದೆಯಂತೆ ಬದಿಗೆ ಉಬ್ಬಿತು. ಮೇಲೆ ಕೆಳಗೆ ಕುಗ್ಗುವ ಸುಲಭವೂ ಅಡ್ಡ ಸರಿಯುವ ಸುಲಭವೂ ಹೆಚ್ಚುಕಡಿಮೆ ಒಂದೇ ಆಗಿದ್ದರಿಂದ, ಭೂಕಂಪ ಬಂದರೆ ಕಟ್ಟಡ ಸರಿಯುವುದರ ಜೊತೆಗೆ ಪುಟಿಯಲೂ ತೊನೆಯಲೂ ಅವಕಾಶವಿತ್ತು.

ಪರಿಹಾರವು ಸೇತುವೆಗಳ ಕಡೆಯಿಂದ ಬಂತು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಸೇತುವೆಯ ತೊಲೆಗಳಿಗೆ ಜಾಗ ಕೊಡಲೆಂದು ಕಂಬದ ತಲೆಯ ಮೇಲೆ ರಬ್ಬರ್ ಬೇರಿಂಗ್ ಇಡುವ ರೂಢಿಯಿದೆ. ಬೆಂಗಳೂರಿನ ಯಾವುದೇ ಮೇಲ್ಸೇತುವೆಯ ಕೆಳಗೆ ನಿಂತು ತಲೆಯೆತ್ತಿದರೆ ಕಂಬಕ್ಕೂ ತೊಲೆಗೂ ನಡುವೆ ಕಾಣುವ ಕಪ್ಪು ಪಟ್ಟಿ ಬಹುಮಟ್ಟಿಗೆ ಅದೇ. ಆ ಬೇರಿಂಗಿನೊಳಗೆ ರಬ್ಬರಿನ ತೆಳು ಹಾಳೆಗಳೂ ಉಕ್ಕಿನ ತೆಳು ತಗಡುಗಳೂ ಒಂದರ ಮೇಲೊಂದು ಇದ್ದು, ಗಂಧಕ ಬೆರೆಸಿ ಕಾಯಿಸುವ ವಲ್ಕನೀಕರಣ ಕ್ರಿಯೆಯಲ್ಲಿ ಬಿಡಿಸಲಾಗದಂತೆ ಅಂಟಿಕೊಂಡಿರುತ್ತವೆ. ಮೇಲಿನಿಂದ ಭಾರ ಬಿದ್ದಾಗ ರಬ್ಬರು ಬದಿಗೆ ಉಬ್ಬಲು ಹೋಗುತ್ತದೆ, ಎರಡೂ ಕಡೆಯ ಉಕ್ಕಿನ ತಗಡು ಅದನ್ನು ಹಿಡಿದುಕೊಳ್ಳುತ್ತದೆ, ರಬ್ಬರಿನ ಘನಗಾತ್ರ ಕುಗ್ಗುವುದು ಬಲು ಕಡಿಮೆಯಾದ್ದರಿಂದ ಇಡೀ ಕಟ್ಟು ಕಲ್ಲಿನಂತೆ ಭಾರ ಹೊರುತ್ತದೆ. ಅಡ್ಡ ದಿಕ್ಕಿನ ತಳ್ಳುವಿಕೆಗೆ ಮಾತ್ರ ತಗಡುಗಳಿಂದ ಯಾವ ಅಡ್ಡಿಯೂ ಇಲ್ಲ. ಒಂದೊಂದು ಹಾಳೆಯೂ ಸ್ವಲ್ಪ ಸ್ವಲ್ಪ ಓರೆಯಾಗಿ ಒಟ್ಟು ಸರಿತ ಅಡಿಯಷ್ಟನ್ನೂ ಮೀರಬಹುದು. ಹೀಗೆ ಒಂದೇ ವಸ್ತುವಿಗೆ ಲಂಬ ದಿಕ್ಕಿನಲ್ಲಿ ಅಡ್ಡ ದಿಕ್ಕಿಗಿಂತ ನೂರಾರು ಪಟ್ಟು ಬಿಗಿತ ದೊರೆಯಿತು. ಸುಳ್ಯ ಪುತ್ತೂರುಗಳ ತೋಟಗಳಲ್ಲಿ ಮರ ಕೆತ್ತಿ ಇಳಿಸುವಂಥ ನೈಸರ್ಗಿಕ ರಬ್ಬರೇ ಈ ಕೆಲಸಕ್ಕೆ ಇಂದಿಗೂ ಮೆಚ್ಚಿನ ಕಚ್ಚಾವಸ್ತು. ಅಮೆರಿಕದ ಮೊದಲ ಐಸೊಲೇಟರ್ ಕಟ್ಟಡವಾದ, ಕ್ಯಾಲಿಫೋರ್ನಿಯಾದ ರಾಂಚೊ ಕುಕಮಾಂಗದಲ್ಲಿ 1985ರಲ್ಲಿ ಮುಗಿದ ನ್ಯಾಯಾಲಯ ಕೇಂದ್ರದ ಬೇರಿಂಗ್‌ಗಳ ಹಿಂದೆ ಇದ್ದದ್ದು ಮಲೇಷ್ಯಾದ ರಬ್ಬರ್ ಉತ್ಪಾದಕರ ಸಂಶೋಧನಾ ಸಂಸ್ಥೆಯ ಶ್ರಮ.

ರಬ್ಬರು ಚಲನೆಗೆ ಎಡೆ ಕೊಡುತ್ತದೆ, ಆದರೆ ಚಲನೆಯನ್ನು ತಡೆದು ನಿಲ್ಲಿಸುವುದರಲ್ಲಿ ಅದು ಹಿಂದೆ. ಸರಿದ ಕಟ್ಟಡ ಮರಳಿ ಬಂದು ಇನ್ನೊಂದು ಬದಿಗೆ ಹೋಗಿ ಬಹಳ ಹೊತ್ತು ತೂಗಾಡುತ್ತಿರುತ್ತದೆ. ಈ ತೂಗಾಟದ ಶಕ್ತಿಯನ್ನು ಉಷ್ಣವಾಗಿ ಕರಗಿಸುವ ಕ್ರಿಯೆಗೆ ಕಂಪನ ಶಮನ ಎನ್ನುತ್ತಾರೆ. ನ್ಯೂಜಿಲೆಂಡಿನ ವಿಜ್ಞಾನಿ ಬಿಲ್ ರಾಬಿನ್ಸನ್ 1970ರ ದಶಕದಲ್ಲಿ ಪದರ ರಬ್ಬರಿನ ನಟ್ಟನಡುವೆ ರಂಧ್ರ ಕೊರೆದು ಸೀಸದ ದಪ್ಪ ಕಡ್ಡಿಯೊಂದನ್ನು ಬಿಗಿಯಾಗಿ ತುರುಕಿದಾಗ ಎರಡು ತೊಡಕುಗಳು ಒಟ್ಟಿಗೇ ಬಗೆಹರಿದವು. ಸಣ್ಣ ಬಲಕ್ಕೆ ಸೀಸ ಮಣಿಯುವುದಿಲ್ಲ, ಹೀಗಾಗಿ ಗಾಳಿಗೆ ಕಟ್ಟಡ ಅಲುಗುವುದಿಲ್ಲ, ಮಿಲ್ನ್‌ನ ಮನೆಗೆ ಬಂದ ಕಷ್ಟ ಇದಕ್ಕಿಲ್ಲ. ಬಲ ಮಿತಿಯನ್ನು ದಾಟಿದಾಗ ಸೀಸ ಮಣಿದು ಹರಿಯುತ್ತದೆ, ರಬ್ಬರು ಸ್ವತಂತ್ರವಾಗುತ್ತದೆ, ಒಂದೊಂದು ತೂಗಾಟದಲ್ಲೂ ಸೀಸವು ಹಿಂದಕ್ಕೂ ಮುಂದಕ್ಕೂ ನಾದಿಸಿಕೊಂಡು ಬಿಸಿಯಾಗಿ ಶಕ್ತಿಯನ್ನು ನುಂಗುತ್ತದೆ.

ಬೇರೆ ಲೋಹ ಏಕಾಗದು ಎಂಬುದು ಇಲ್ಲಿ ಸ್ವಾರಸ್ಯದ ಅಂಶ. ಕಬ್ಬಿಣದ ತಂತಿಯನ್ನು ಹತ್ತಾರು ಸಲ ಅತ್ತಿತ್ತ ಬಾಗಿಸಿದರೆ ಅದು ಪೆಡಸಾಗಿ ತುಂಡಾಗುತ್ತದೆ, ಏಕೆಂದರೆ ಒಳಗಿನ ಹರಳುಗಳ ರಚನೆಯಲ್ಲಿ ದೋಷಗಳು ಒಂದರ ಮೇಲೊಂದು ಸೇರಿಕೊಳ್ಳುತ್ತವೆ. ಲೋಹವನ್ನು ಸಾಕಷ್ಟು ಕಾಯಿಸಿದರೆ ಆ ದೋಷಗಳು ಅಳಿದು ಹೊಸ ಹರಳುಗಳು ಹುಟ್ಟುತ್ತವೆ, ಇದು ಪುನರ್‌ಸ್ಫಟಿಕೀಕರಣ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಿರಪೇಕ್ಷ ಮಾಪಕದಲ್ಲಿ 600 ಡಿಗ್ರಿಯಲ್ಲಿ; ಸಾಮಾನ್ಯ ಕೋಣೆಯ ತಾಪ ಅದೇ ಮಾಪಕದಲ್ಲಿ ಸುಮಾರು 300 ಡಿಗ್ರಿ. ತನ್ನ ಕರಗುವ ಬಿಂದುವಿನ ಅರ್ಧದಷ್ಟು ತಾಪದಲ್ಲಿ ಸದಾ ಇರುವ ಸೀಸಕ್ಕೆ ಬೇರೆ ಲೋಹಗಳಿಗೆ ಕುಲುಮೆಯಲ್ಲಿ ಸಿಗುವ ಉಪಚಾರ ಕೋಣೆಯಲ್ಲಿಯೇ ಸಿಕ್ಕಿಬಿಡುತ್ತದೆ. ಮುಖ್ಯ ಆಘಾತದಲ್ಲಿ ನಾದಿಸಿಕೊಂಡ ಸೀಸ ತನ್ನನ್ನು ತಾನೇ ದುರಸ್ತಿ ಮಾಡಿಕೊಂಡು ಮರುಕಂಪನಗಳಿಗೆ ಸಿದ್ಧವಾಗುತ್ತದೆ. ಈ ಸೀಸ-ರಬ್ಬರ್ ಬೇರಿಂಗ್‌ಗಳನ್ನು ಮೊದಲು ಪಡೆದ ಕಟ್ಟಡ ವೆಲಿಂಗ್ಟನ್‌ನ ವಿಲಿಯಂ ಕ್ಲೇಟನ್ ಕಟ್ಟಡ, 1981ರಲ್ಲಿ ಮುಗಿದದ್ದು. ಅದೇ ನಗರದಲ್ಲಿ 1998ರಲ್ಲಿ ತೆರೆದ ತೆ ಪಾಪಾ ವಸ್ತುಸಂಗ್ರಹಾಲಯವೂ ಇಂಥವುಗಳ ಮೇಲೆಯೇ ನಿಂತಿದೆ.

ರಬ್ಬರಿಲ್ಲದ ದಾರಿಯೂ ಒಂದಿದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಿಕ್ಟರ್ ಜಾಯಾಸ್ ರೂಪಿಸಿದ ಘರ್ಷಣ ಲೋಲಕದಲ್ಲಿ ಕಂಬದ ಬುಡಕ್ಕೊಂದು ಜಾರುಗುಂಡು, ಅದರ ಕೆಳಗೆ ತುಕ್ಕು ಹಿಡಿಯದ ಉಕ್ಕಿನ ತಗ್ಗು ತಟ್ಟೆ ಇರುತ್ತವೆ. ನೆಲ ಸರಿದಾಗ ಗುಂಡು ತಟ್ಟೆಯ ಇಳಿಜಾರನ್ನು ಏರುತ್ತದೆ, ಕಟ್ಟಡ ತುಸು ಮೇಲೇಳುತ್ತದೆ, ತನ್ನ ತೂಕದಿಂದಲೇ ಮತ್ತೆ ನಡುವಿಗೆ ಇಳಿಯುತ್ತದೆ. ಲೋಲಕದ ಆವರ್ತಕಾಲ ದಾರದ ಉದ್ದವನ್ನಷ್ಟೇ ಅವಲಂಬಿಸುವಂತೆ ಇಲ್ಲಿ ಅದು ತಟ್ಟೆಯ ವಕ್ರತೆಯ ತ್ರಿಜ್ಯವನ್ನಷ್ಟೇ ಅವಲಂಬಿಸುತ್ತದೆ: ಒಂದು ಮೀಟರ್ ತ್ರಿಜ್ಯಕ್ಕೆ ಎರಡು ಸೆಕೆಂಡು, ಎರಡೂಕಾಲು ಮೀಟರಿಗೆ ಮೂರು ಸೆಕೆಂಡು. ಕಟ್ಟಡದಲ್ಲಿ ಜನ ತುಂಬಿದ್ದರೂ ಖಾಲಿಯಿದ್ದರೂ ಲಯ ಬದಲಾಗದು. 2000ದಲ್ಲಿ ತೆರೆದ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಅಂತರರಾಷ್ಟ್ರೀಯ ಟರ್ಮಿನಲ್ ಇಂಥ 267 ತಟ್ಟೆಗಳ ಮೇಲಿದೆ.

ರಬ್ಬರಿರಲಿ, ತಟ್ಟೆಯಿರಲಿ, ನಡೆಯುವ ವ್ಯಾಪಾರ ಒಂದೇ. ಕಟ್ಟಡದ ಆವರ್ತಕಾಲ ಅರ್ಧ ಸೆಕೆಂಡಿನಿಂದ ಎರಡು ಮೂರು ಸೆಕೆಂಡಿಗೆ ಏರುತ್ತದೆ, ನೆಲದ ತೀವ್ರ ಲಯದಿಂದ ಅದು ದೂರ ಸರಿಯುತ್ತದೆ, ಬಲ ಕಡಿಮೆಯಾಗುತ್ತದೆ. ಪ್ರತಿಯಾಗಿ ಸ್ಥಾನಾಂತರ, ಎಂದರೆ ಸರಿಯುವ ದೂರ, ಹೆಚ್ಚುತ್ತದೆ. ಎರಡೂವರೆ ಸೆಕೆಂಡಿನ ಆವರ್ತಕಾಲದ ಕಟ್ಟಡವೊಂದು 30 ಸೆಂಟಿಮೀಟರ್ ಸರಿದರೆ ಅದರ ಮೇಲೆ ಎರಗುವ ವೇಗೋತ್ಕರ್ಷ ಗುರುತ್ವದ ಐದನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಆದರೆ ಆ 30 ಸೆಂಟಿಮೀಟರಿಗೆ ಜಾಗವಂತೂ ಬೇಕೇ ಬೇಕು. ಆದ್ದರಿಂದ ಕಟ್ಟಡದ ಸುತ್ತ ಕಂದಕದಂಥ ತೆರವು ಬಿಟ್ಟಿರುತ್ತಾರೆ, ನೀರು ಮತ್ತು ಅನಿಲದ ಕೊಳವೆಗಳು ಆ ತೆರವನ್ನು ದಾಟುವಲ್ಲಿ ಬಳುಕುವ ಜೋಡಣೆಗಳನ್ನು ಹಾಕುತ್ತಾರೆ, ಮೆಟ್ಟಿಲುಗಳನ್ನೂ ಲಿಫ್ಟಿನ ಗುಂಡಿಯನ್ನೂ ಮೇಲಿನ ಭಾಗದಿಂದ ತೂಗುಬಿಡುತ್ತಾರೆ. ಈ ತಂತ್ರದ ಅತಿ ದುರ್ಬಲ ಕೊಂಡಿ ಈ ತೆರವೇ ಎಂದರೆ ತಪ್ಪಾಗಲಾರದು. ಬೇರಿಂಗನ್ನು ತಯಾರಿಸುವವರು ತಜ್ಞರು. ತೆರವನ್ನು ಕಾಯಬೇಕಾದವರು ಮಾತ್ರ ಮುಂದಿನ ಐವತ್ತು ವರ್ಷಗಳಲ್ಲಿ ಬಂದು ಹೋಗುವ ಕಾವಲುಗಾರರು, ಗುತ್ತಿಗೆದಾರರು, ಖಾಲಿ ಜಾಗ ಕಂಡಲ್ಲಿ ಇಟ್ಟಿಗೆ ಪೇರಿಸುವವರು. ಅಲ್ಲೊಂದು ಗೋಡೆ ಎದ್ದರೆ, ಸರಿಯಬೇಕಾದ ಕಟ್ಟಡ ಅದಕ್ಕೆ ಡಿಕ್ಕಿ ಹೊಡೆದು, ಐಸೊಲೇಟರ್ ಇಲ್ಲದಾಗ ಬೀಳದಿದ್ದ ಆಘಾತವನ್ನೂ ಅನುಭವಿಸಬಹುದು.

ಈ ವ್ಯಾಪಾರ ಎಲ್ಲ ನೆಲಕ್ಕೂ ಒಗ್ಗುವುದಿಲ್ಲ. 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರವನ್ನು ಹಾಳುಗೆಡವಿದ ಭೂಕಂಪದ ಕೇಂದ್ರ ಮುನ್ನೂರು ಕಿಲೋಮೀಟರಿಗೂ ಆಚೆ, ಪೆಸಿಫಿಕ್ ಕರಾವಳಿಯಲ್ಲಿತ್ತು. ಆದರೆ ನಗರದ ಒಂದು ಭಾಗ ಹಳೆಯ ಸರೋವರದ ಮೆತ್ತನೆಯ ಕೆಸರಿನ ಮೇಲಿದ್ದು, ಆ ಕೆಸರು ಎರಡು ಸೆಕೆಂಡಿನ ಲಯದಲ್ಲಿ ತೂಗತೊಡಗಿತು. ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳು ಹೆಚ್ಚು ಬಿದ್ದವು. ಅಂಥ ನೆಲದಲ್ಲಿ ಗಿಡ್ಡ ಕಟ್ಟಡಕ್ಕೆ ಐಸೊಲೇಟರ್ ಕೊಟ್ಟು ಅದರ ಆವರ್ತಕಾಲವನ್ನು ಎರಡು ಸೆಕೆಂಡಿಗೆ ಏರಿಸುವುದೆಂದರೆ ಅಪಾಯವನ್ನು ಕೈಯಾರೆ ಕರೆದಂತೆ. ಸ್ತರಭಂಗದ, ಅಂದರೆ ಭೂಪದರ ಬಿರಿದು ಸರಿಯುವ ಬಿರುಕಿನ, ತೀರ ಹತ್ತಿರದಲ್ಲಿಯೂ ನೆಲ ಒಂದೇ ದೊಡ್ಡ ನೂಕಿನಲ್ಲಿ ಸರಿಯುವುದುಂಟು. ಆ ದೀರ್ಘ ನೂಕು ಬೇರಿಂಗ್‌ಗಳ ಸರಿತದ ಮಿತಿಯನ್ನೇ ಪರೀಕ್ಷಿಸುತ್ತದೆ. ಬಹು ಎತ್ತರದ ಕಟ್ಟಡಗಳ ಆವರ್ತಕಾಲ ಮೊದಲೇ ದೀರ್ಘವಾಗಿರುವುದರಿಂದ ಅವಕ್ಕೆ ಲಾಭ ಕಡಿಮೆ. ಮೇಲಾಗಿ ಅವು ತೊನೆದಾಗ ಒಂದು ಬದಿಯ ಬೇರಿಂಗ್‌ಗಳು ಮೇಲಕ್ಕೆ ಎಳೆತಕ್ಕೆ ಸಿಲುಕುತ್ತವೆ, ರಬ್ಬರಿಗೆ ಅದು ಸೇರದು. ನೆಲದ ಲಂಬ ಕಂಪನವನ್ನಂತೂ ಈ ಸಾಧನಗಳು ಹೆಚ್ಚುಕಡಿಮೆ ಹಾಗೆಯೇ ಮೇಲಕ್ಕೆ ದಾಟಿಸುತ್ತವೆ. ಜಪಾನಿನ ಮಿಕಿ ನಗರದಲ್ಲಿರುವ 20 ಮೀಟರ್ ಉದ್ದ, 15 ಮೀಟರ್ ಅಗಲದ ಇ-ಡಿಫೆನ್ಸ್ ಕಂಪನ ವೇದಿಕೆಯ ಮೇಲೆ 2011ರಲ್ಲಿ ಐದಂತಸ್ತಿನ ನಿಜ ಗಾತ್ರದ ಉಕ್ಕಿನ ಕಟ್ಟಡವನ್ನು ಅಲುಗಿಸಿದಾಗ, ಅಡ್ಡ ಚಲನೆ ಐಸೊಲೇಟರ್‌ಗಳಲ್ಲಿ ಇಂಗಿದರೂ ತೀವ್ರ ಲಂಬ ಕಂಪನಕ್ಕೆ ಒಳಮಾಳಿಗೆಯೂ ಸಾಮಾನುಗಳೂ ಹಾನಿಗೊಂಡವು.

ಈ ಮಿತಿಗಳನ್ನೆಲ್ಲ ಗಣಿಸಿದ ಮೇಲೂ ಆಸ್ಪತ್ರೆಗಳ ಮಟ್ಟಿಗೆ ಸಾಕ್ಷ್ಯ ಒಂದೇ ಕಡೆಗೆ ವಾಲುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯನ್ನು ಭೂಕಂಪ ಮತ್ತು ಸುನಾಮಿ ಒಟ್ಟಿಗೆ ಬಡಿದಾಗ, ಐಸೊಲೇಟರ್‌ಗಳ ಮೇಲಿದ್ದ ಇಶಿನೊಮಾಕಿಯ ರೆಡ್ ಕ್ರಾಸ್ ಆಸ್ಪತ್ರೆ ಕೆಲಸ ನಿಲ್ಲಿಸದೆ ಆ ಪ್ರದೇಶದ ಚಿಕಿತ್ಸೆಯ ಕೇಂದ್ರವಾಯಿತು. ತುರ್ಕಿಯ ಆರೋಗ್ಯ ಸಚಿವಾಲಯವು ಭೂಕಂಪದ ಅಪಾಯ ಹೆಚ್ಚಿರುವ ವಲಯಗಳಲ್ಲಿ ನೂರು ಹಾಸಿಗೆಗೂ ಮೇಲಿನ ಹೊಸ ಆಸ್ಪತ್ರೆಗಳಿಗೆ 2013ರಲ್ಲಿ ಐಸೊಲೇಟರ್ ಕಡ್ಡಾಯ ಮಾಡಿತ್ತು. ಹತ್ತು ವರ್ಷದ ಬಳಿಕ, 2023ರ ಫೆಬ್ರವರಿ 6ರ ಭೂಕಂಪದಲ್ಲಿ, ಹತಾಯ್ ಪ್ರಾಂತದ ದೋರ್ತ್‌ಯೋಲ್ ಆಸ್ಪತ್ರೆ ರೋಗಿಗಳನ್ನು ನೋಡುತ್ತಲೇ ಇತ್ತು, ಅದೇ ಪ್ರಾಂತದ ಇಸ್ಕೆಂದೆರುನ್‌ನಲ್ಲಿ ಹಳೆಯ ಮಾದರಿಯ ಸರ್ಕಾರಿ ಆಸ್ಪತ್ರೆಯ ಒಂದು ಭಾಗ ಕುಸಿದುಬಿತ್ತು.

ಭಾರತದಲ್ಲಿ ಈ ಕಥೆ ಕರ್ನಾಟಕದ ಗಡಿಗೆ ಅಂಟಿಕೊಂಡೇ ಮೊದಲಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮರಾಠವಾಡದ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪ ಬೀದರ, ಕಲಬುರಗಿಗಳನ್ನೂ ನಡುಗಿಸಿತು. ಸತ್ತ ಸಾವಿರಾರು ಮಂದಿಯಲ್ಲಿ ಹೆಚ್ಚಿನವರನ್ನು ಕೊಂದದ್ದು ಮಣ್ಣಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆಗಳೂ ಬಿಸಿಲು ತಡೆಯಲೆಂದು ಹೇರಿದ ಮಣ್ಣಿನ ಭಾರದ ಮಾಳಿಗೆಗಳೂ. ಪುನರ್ವಸತಿಯ ವೇಳೆ ಹೊಸ ಕಿಲ್ಲಾರಿಯಲ್ಲಿ ಒಂದು ಶಾಲೆ, ಒಂದು ಅಂಗಡಿ ಸಂಕೀರ್ಣ, ಎರಡನ್ನೂ ರಬ್ಬರ್ ಐಸೊಲೇಟರ್‌ಗಳ ಮೇಲೆ ಒಂದೇ ಅಂತಸ್ತಿನಲ್ಲಿ ಕಟ್ಟಲಾಯಿತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಅಲ್ಲಿಯ ಆಸ್ಪತ್ರೆ ಕುಸಿದ ಮೇಲೆ ಮತ್ತೆ ಕಟ್ಟಿದ ಆಸ್ಪತ್ರೆಗೆ ನ್ಯೂಜಿಲೆಂಡಿನ ತಂತ್ರಜ್ಞಾನದ ಸೀಸ-ರಬ್ಬರ್ ಬೇರಿಂಗ್‌ಗಳು ಬಂದವು. ಹಳ್ಳಿಯ ಮಾಳಿಗೆ ಮನೆಗಳಿಗೆ ಐಸೊಲೇಟರ್ ಔಷಧವಲ್ಲ. ಚಾವಣಿಯನ್ನು ಹಗುರಾಗಿಸಿ, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಕಾಂಕ್ರೀಟಿನ ಪಟ್ಟಿ ಹಾಯಿಸುವುದೇ ಅವುಗಳಿಗೆ ಸಾಕು, ಅಗ್ಗವೂ ಹೌದು. ಉಕ್ಕಿನ ತಗಡುಗಳ ಬದಲು ನಾರಿನ ಬಟ್ಟೆ ಬಳಸಿ ಹಗುರ ಬೇರಿಂಗ್ ಮಾಡುವ ಸಂಶೋಧನೆ ನಡೆದಿದೆಯಾದರೂ, ಈ ತಂತ್ರಕ್ಕೆ ಮೊದಲ ಹಕ್ಕುದಾರರು ಜಿಲ್ಲಾ ಆಸ್ಪತ್ರೆಗಳು, ಅಗ್ನಿಶಾಮಕ ಠಾಣೆಗಳು, ದೂರಸಂಪರ್ಕ ಕೇಂದ್ರಗಳು. ಭುಜ್ ಆಸ್ಪತ್ರೆಯ ಮೇಲ್ಪಂಕ್ತಿಯನ್ನು ಹಿಮಾಲಯದ ತಪ್ಪಲಿನ ಪಟ್ಟಣಗಳು ಇನ್ನೂ ಬೇಗನೆ ಅನುಸರಿಸಬೇಕಿತ್ತು.

ಅನುಸರಿಸುವಾಗ ಪರೀಕ್ಷೆಯ ಶಿಸ್ತೂ ಜೊತೆಗೆ ಬರಬೇಕಾಗುತ್ತದೆ. ಐಸೊಲೇಟರ್ ಹತ್ತಾರು ವರ್ಷ ಏನೂ ಮಾಡದೆ ಕುಳಿತಿದ್ದು, ಎಂದೋ ಒಂದು ದಿನ ಒಂದೆರಡು ನಿಮಿಷ ದುಡಿಯುವ ವಸ್ತು. ಕೂರಿಸಿದ ಮೇಲೆ ಅದರ ದೋಷ ಬೆಳಕಿಗೆ ಬರುವುದು ಭೂಕಂಪದಲ್ಲಿಯೇ. 2015ರಲ್ಲಿ ಜಪಾನಿನ ತಯಾರಕ ಸಂಸ್ಥೆಯೊಂದು ರಬ್ಬರ್ ಬೇರಿಂಗ್‌ಗಳ ಪರೀಕ್ಷೆಯ ಅಂಕಿಗಳನ್ನು ತಿದ್ದಿದ್ದು ಬಯಲಾದಾಗ, ಜನ ಬಳಸುತ್ತಿದ್ದ ಕಟ್ಟಡಗಳನ್ನು ಜಾಕ್‌ಗಳಿಂದ ಎತ್ತಿ ಬೇರಿಂಗ್ ಬದಲಿಸುವ ಪ್ರಮೇಯ ಬಂತು. ಸಾಗಿಸುವ ಮೊದಲೇ ಪೂರ್ಣ ಭಾರ ಹೇರಿ, ನಿರೀಕ್ಷಿತ ದೂರದವರೆಗೆ ಓರೆಯಾಗಿ ಎಳೆದು ನೋಡುವ ಪರೀಕ್ಷೆ ಅದಕ್ಕಾಗಿಯೇ ಇದೆ. ಅದೇ ದೇಶದ ಅನೇಕ ಕಟ್ಟಡಗಳ ನೆಲಮಾಳಿಗೆಯಲ್ಲಿ, ದುಡಿಯುವ ಬೇರಿಂಗ್‌ಗಳ ಪಕ್ಕದಲ್ಲಿಯೇ ಅದೇ ರಬ್ಬರಿನಿಂದ ಮಾಡಿದ ಸಣ್ಣ ಮಾದರಿಗಳನ್ನು ಅಷ್ಟೇ ಒತ್ತಡದಲ್ಲಿ ಹಿಡಿದಿಟ್ಟಿರುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಅವನ್ನು ಹೊರತೆಗೆದು ಪ್ರಯೋಗಾಲಯಕ್ಕೆ ಒಯ್ದು, ಮೇಲೆ ಕಟ್ಟಡವನ್ನು ಹೊತ್ತ ರಬ್ಬರಿಗೆ ಎಷ್ಟು ವಯಸ್ಸಾಯಿತೆಂದು ಅಳೆಯುತ್ತಾರೆ.